ನಿಂತಲ್ಲೇ ಹಳತಾಗುವ ಟೈರ್: ಮನೆಗಾಡಿಯ ಗಾಲಿ ಯಾವಾಗ ಬದಲಿಸಬೇಕು

ನಮ್ಮ ಮನೆಗಾಡಿ ವರ್ಷದಲ್ಲಿ ಹತ್ತು ತಿಂಗಳು ಬೇವಿನ ಮರದ ಪಕ್ಕ ನಿಂತೇ ಇರುತ್ತದೆ. ಮನೆ ವಿಜಯಪುರದಲ್ಲಿ. ಸೆಕೆಂಡ್ ಹ್ಯಾಂಡ್ ಮಿನಿ ಬಸ್ ಅದು, ಒಳಗೆ ಎರಡು ಹಾಸಿಗೆ, ಗ್ಯಾಸ್ ಒಲೆ, ನೂರು ಲೀಟರಿನ ನೀರಿನ ಟ್ಯಾಂಕ್, ಒಂದು ಸಣ್ಣ ಕಪಾಟು. ಬನದ ಹುಣ್ಣಿಮೆಗೆ ಬನಶಂಕರಿ, ಯುಗಾದಿಗೆ ಶ್ರೀಶೈಲ, ಆಷಾಢ ಏಕಾದಶಿಗೆ ಪಂಢರಪುರ, ಮಧ್ಯೆ ಒಮ್ಮೆ ಮಕ್ಕಳ ಹಟಕ್ಕೆ ಚೋರ್ಲಾ ಘಾಟ್ ಇಳಿದು ಗೋವಾ. ಎಲ್ಲ ಕೂಡಿಸಿದರೂ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಆಗುವುದಿಲ್ಲ. ಇಂಥ ಗಾಡಿಯ ಟೈರ್ ಸವೆಯುವುದೇ ಇಲ್ಲ, ಮತ್ತು ತೊಂದರೆ ಶುರುವಾಗುವುದೇ ಅಲ್ಲಿಂದ.

2022ರ ಮೇ ತಿಂಗಳಲ್ಲಿ ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆ ಕಡೆ ಹೊರಟಿದ್ದೆವು, ಮಧ್ಯಾಹ್ನ ಮೂರರ ಸುಮಾರಿಗೆ, ಹೊರಗೆ ಕಾದ ಹಂಚಿನಂಥ ಬಿಸಿಲು. ಹಿಂದಿನ ಎಡಗಡೆ ಜೋಡಿ ಗಾಲಿಯಲ್ಲಿ ಹೊರಗಿನದು ಢಂ ಎಂದಿತು. ಸ್ಟೇರಿಂಗ್ ಗಟ್ಟಿ ಹಿಡಿದು, ಬ್ರೇಕ್ ಒತ್ತದೆ, ಎಕ್ಸಲರೇಟರಿನಿಂದ ನಿಧಾನ ಕಾಲು ತೆಗೆದು ಗಾಡಿಯನ್ನು ಪಕ್ಕಕ್ಕೆ ತಂದೆ. ಟೈರಿನ ಮೇಲಿನ ಪಟ್ಟಿ ಪೂರ್ತಿ ಸುಲಿದುಕೊಂಡು ಮಡ್‌ಗಾರ್ಡನ್ನು ಹರಿದು, ಕೆಳಗಿದ್ದ ಸಿಂಕಿನ ಪೈಪನ್ನೂ ಕಿತ್ತುಹಾಕಿತ್ತು. ಪಂಚರ್ ಅಂಗಡಿಯವನು ಆ ಸುಲಿದ ಪಟ್ಟಿಯನ್ನು ಎತ್ತಿ ಮಡಚಿ ನೋಡಿ ಹೇಳಿದ, "ಗ್ರಿಪ್ ನೋಡ್ರಿ ಅಣ್ಣಾರ, ಹೊಸಾದು ಇದ್ದಂಗ ಐತಿ. ಆದ್ರ ರಬ್ಬರ್ ಸತ್ತೈತಿ."

ಟೈರಿನ ಪಕ್ಕದಲ್ಲಿ 1714 ಎಂದು ಇತ್ತು. ಮೂರು ವರ್ಷ ಆ ಗಾಡಿ ನನ್ನ ಹತ್ತಿರ ಇದ್ದರೂ ನಾನು ಆ ನಾಲ್ಕು ಅಂಕಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಅದು ಟೈರಿನ ಹುಟ್ಟಿದ ತಾರೀಖು. ಮೊದಲಿನ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 1714 ಅಂದರೆ 2014ರ 17ನೇ ವಾರ, ಏಪ್ರಿಲ್ ಕೊನೆ. ನಾವು ಸೇತುವೆ ದಾಟುವಾಗ ಆ ಟೈರಿಗೆ ಎಂಟು ವರ್ಷ ತುಂಬಿತ್ತು. ಡಿಒಟಿ (DOT) ಎಂದು ಶುರುವಾಗುವ ಉದ್ದನೆಯ ಅಕ್ಷರ ಸಾಲಿನ ಕೊನೆಗೆ, ಬಹಳ ಸಲ ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ, ಇದು ಇರುತ್ತದೆ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಮುಂಚಿನ ಟೈರ್, ಅದರ ಬಗ್ಗೆ ಮಾತೇ ಬೇಡ.

ಹುಡುಕುವುದು ಮಾತ್ರ ಸ್ವಲ್ಪ ಕಿರಿಕಿರಿ. ತಾರೀಖು ಟೈರಿನ ಒಂದೇ ಮಗ್ಗುಲಿಗೆ ಇರಬಹುದು, ಮತ್ತು ನಮ್ಮ ನಸೀಬಿಗೆ ಆ ಮಗ್ಗುಲು ಯಾವಾಗಲೂ ಒಳಗಡೆಯೇ ಬಂದಿರುತ್ತದೆ. ಗಾಡಿಯನ್ನು ಸಪಾಟ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜ್ಯಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಮಾತ್ರ ತಲೆ ಹಾಕಬೇಡಿ. ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿದರೆ ಅಂಕಿ ಬೆಳ್ಳಗೆ ಎದ್ದು ಕಾಣುತ್ತದೆ. ಕಣ್ಣು ಹೋಗದ ಕಡೆ ಮೊಬೈಲ್ ಕೈಯಲ್ಲಿ ಹಿಡಿದು ಒಳಗೆ ತೂರಿಸಿ ಫೋಟೊ ತೆಗೆಯಿರಿ. ಜೋಡಿ ಗಾಲಿಯಲ್ಲಿ ಎರಡು ಟೈರಿನ ನಡುವೆ ಅಡಗಿದ್ದರೆ ಹೊರಗಿನ ಗಾಲಿ ಬಿಚ್ಚದೆ ಗತಿಯಿಲ್ಲ, ಒಮ್ಮೆ ಬಿಚ್ಚಿಸಿ ಏಳೂ ಟೈರಿನ ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಆ ಕಷ್ಟ ಇಲ್ಲ. ಏಳು ಎಂದದ್ದು ಸ್ಟೆಪ್ನಿ ಸೇರಿಸಿ. ಒಂದು ದಿನವೂ ಉರುಳದ ಸ್ಟೆಪ್ನಿಯೂ ಅಷ್ಟೇ ಮುದಿಯಾಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಸ್ ಡ್ರೈವರನ ಲೆಕ್ಕ ನಮಗೆ ಹೊಂದುವುದಿಲ್ಲ

ನಮ್ಮ ಕಾಕಾ ಮೂವತ್ತು ವರ್ಷ ಬಸ್ ಓಡಿಸಿದವರು. ಟೈರ್ ಎಲ್ಲ ಬದಲಿಸುತ್ತೇನೆ ಎಂದಾಗ ನಕ್ಕುಬಿಟ್ಟರು, "ಬೋಳ ಆಗದ ಟೈರ್ ಯಾರರ ತಗೀತಾರೇನೋ ತಮ್ಮಾ?" ಅವರ ಮಾತು ಅವರ ಬಸ್ಸಿಗೆ ಸರಿ. ದಿನಾ ವಿಜಯಪುರ ಹುಬ್ಬಳ್ಳಿ ಓಡುವ ಬಸ್ಸಿನ ಟೈರ್ ಮುದಿಯಾಗುವ ಮೊದಲೇ ಸವೆದು ಹೋಗುತ್ತದೆ. ಅಲ್ಲಿ ಗ್ರಿಪ್ ನೋಡಿದರೆ ಸಾಕು. ನಮ್ಮದು ಉಲ್ಟಾ.

ಕಾರಣ ಇಷ್ಟು. ಬಿಸಿಲು, ಕಾವು, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್, ಇವು ರಬ್ಬರನ್ನು ಗಡಸು ಮಾಡುತ್ತವೆ. ಅದನ್ನು ತಡೆಯಲು ಕಂಪನಿಯವರು ರಬ್ಬರಿನಲ್ಲೇ ಮೇಣ ಮತ್ತು ಒಂದಿಷ್ಟು ರಾಸಾಯನಿಕ ಬೆರೆಸಿರುತ್ತಾರೆ. ಗಾಡಿ ಓಡುವಾಗ ಟೈರ್ ಬಾಗುತ್ತದೆ, ಏಳುತ್ತದೆ, ಬಿಸಿಯಾಗುತ್ತದೆ, ಆಗ ಆ ಮೇಣ ಒಳಗಿನಿಂದ ಮೇಲಕ್ಕೆ ಬಂದು ತೆಳುವಾಗಿ ಹರಡಿಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಅದು ಸರಿಯಾಗಿ ಮೇಲೆ ಬರುವುದಿಲ್ಲ. ಅದರ ಮೇಲೆ ನಮ್ಮ ಕಡೆಯ ಬಿಸಿಲು, ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಒಂದೇ ತಾರೀಖಿನ ಎರಡು ಟೈರಿನಲ್ಲಿ ಬೆಳಗಾವಿಯ ನೆರಳಿನ ಶೆಡ್ಡಿನಲ್ಲಿ ನಿಂತದ್ದಕ್ಕಿಂತ ಇಂಡಿ, ಸಿಂದಗಿ ಕಡೆ ಬಯಲಲ್ಲಿ ನಿಂತದ್ದು ಬೇಗ ಕೆಡುತ್ತದೆ. ಆದರೆ ಬೆಳಗಾವಿಯವರು ಇದನ್ನು ಓದಿ ಖುಷಿ ಪಡಬೇಡಿ, ನಿಮ್ಮ ಮಳೆಗೆ ಗಡಸಾದ ಟೈರ್ ಜಾರುತ್ತದೆ, ಖಾನಾಪುರ ದಾಟಿದ ಮೇಲಿನ ತಿರುವುಗಳಲ್ಲಿ ಅದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು. ಟೈರಿನೊಳಗೆ ಉಕ್ಕಿನ ತಂತಿಯ ಪಟ್ಟಿಗಳಿವೆ, ಅವುಗಳ ನಡುವೆ ಹಿಡಿದುಕೊಂಡಿರುವುದು ರಬ್ಬರೇ. ಆ ರಬ್ಬರ್ ಹಿಡಿತ ಬಿಟ್ಟರೆ ಮೇಲಿನ ಪಟ್ಟಿ ಸುಲಿಯುತ್ತದೆ. ನನಗಾದದ್ದು ಅದೇ. ಹೊರಗಿನಿಂದ ಟೈರ್ ಹೊಳೆಯುತ್ತಿತ್ತು.

ಹಾಗಾದರೆ ಎಷ್ಟು ವರ್ಷ?

ಎಲ್ಲರೂ ಒಂದೇ ಅಂಕಿ ಹೇಳುವುದಿಲ್ಲ. ಮಿಶಲಿನ್ ಕಂಪನಿಯ ಸಲಹೆ ಹೀಗಿದೆ: ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸಿ, ತಯಾರಾಗಿ ಹತ್ತು ವರ್ಷ ಆದರೆ ನೋಡಲು ಎಷ್ಟೇ ಚೆನ್ನಾಗಿರಲಿ ತೆಗೆದುಬಿಡಿ. ಕೆಲವು ಗಾಡಿ ಕಂಪನಿಗಳು ಆರು ವರ್ಷ ಎನ್ನುತ್ತವೆ. ಮನೆಗಾಡಿ ಇಟ್ಟುಕೊಂಡವರಲ್ಲಿ ಐದರಿಂದ ಏಳು ವರ್ಷ ಎಂಬ ಮಾತು ಹೆಚ್ಚು ಓಡುತ್ತದೆ. ಹತ್ತು ಅನ್ನುವುದು ಕೊನೆಯ ಗೆರೆ ಅಷ್ಟೆ, ಅಲ್ಲಿಯವರೆಗೆ ಓಡಿಸಿ ಎಂದು ಯಾರೂ ಪರವಾನಗಿ ಕೊಟ್ಟಿಲ್ಲ.

ನಾನು ಮಾಡಿಕೊಂಡ ಲೆಕ್ಕ ಹೇಳುತ್ತೇನೆ. ತಯಾರಾದ ತಾರೀಖಿನಿಂದ ಐದು ವರ್ಷದವರೆಗೆ ಹವಾ, ಬಿರುಕು ನೋಡಿಕೊಂಡು ಓಡಿಸುತ್ತೇನೆ. ಐದು ಆದ ಮೇಲೆ ಪ್ರತಿ ವರ್ಷ ದೊಡ್ಡ ಪ್ರವಾಸಕ್ಕೆ ಮುಂಚೆ ಎಲ್ಲ ಗಾಲಿ ಬಿಚ್ಚಿಸಿ ಒಳಮಗ್ಗುಲು ನೋಡಿಸುತ್ತೇನೆ, ಅನುಮಾನ ಬಂದದ್ದನ್ನು ರಿಮ್ಮಿನಿಂದಲೇ ತೆಗೆಸಿ ಒಳಗಡೆಯೂ. ಏಳಕ್ಕೆ ತೆಗೆಯುತ್ತೇನೆ, ಗ್ರಿಪ್ ಎಷ್ಟಿದ್ದರೂ. ಮುಂದಿನ ಎರಡು ಟೈರಿಗೆ ಆರೇ ವರ್ಷ, ಯಾಕೆಂದರೆ ಹಿಂದೆ ಒಡೆದರೆ ಜೋಡಿಯ ಇನ್ನೊಂದು ಗಾಲಿ ಸ್ವಲ್ಪ ಹೊತ್ತು ಕಾಯುತ್ತದೆ, ಮುಂದೆ ಒಡೆದರೆ ಸ್ಟೇರಿಂಗೇ ಎಳೆದುಕೊಂಡು ಹೋಗುತ್ತದೆ. ಇದು ನನ್ನ ಗಾಡಿಗೆ, ನಮ್ಮ ಬಿಸಿಲಿಗೆ ಹಾಕಿಕೊಂಡ ಗೆರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಅದನ್ನೇ ಹಿಡಿಯಿರಿ.

ಟೈರಿನ ವಯಸ್ಸು ಕಡಿಮೆಯಿದ್ದರೂ ಕೆಲವು ಗುರುತು ಕಂಡರೆ ಕಾಯುವಂತಿಲ್ಲ. ಪಕ್ಕದ ಗೋಡೆಯಲ್ಲಿ ಉಬ್ಬು ಎದ್ದಿದ್ದರೆ ಒಳಗಿನ ದಾರ ತುಂಡಾಗಿದೆ, ಅವತ್ತೇ ತೆಗೆಯಿರಿ. ಬಿರುಕಿನೊಳಗೆ ದಾರ ಅಥವಾ ತಂತಿ ಕಂಡರೂ ಅಷ್ಟೇ. ಕೂದಲೆಳೆಯಷ್ಟು ತೆಳು ಗೀರು ಮೇಲ್ಮೈಯಲ್ಲಷ್ಟೇ ಇದ್ದರೆ ಹೆದರಬೇಕಿಲ್ಲ, ಆದರೆ ಬರೆದಿಟ್ಟುಕೊಳ್ಳಿ, ಫೋಟೊ ತೆಗೆದಿಡಿ, ಮುಂದಿನ ಸಲ ಹೋಲಿಸಿ ನೋಡಲು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ, ಅಥವಾ ಗೀರು ರಿಮ್ಮಿನ ಹತ್ತಿರ ಸುತ್ತಲೂ ಓಡುತ್ತಿದ್ದರೆ, ಅಥವಾ ಗ್ರಿಪ್ಪಿನ ಕಾಲುವೆಯ ತಳದಲ್ಲಿ ಉದ್ದಕ್ಕೆ ಸೀಳಿದ್ದರೆ, ಆಸೆ ಬಿಟ್ಟುಬಿಡಿ. ಗ್ರಿಪ್ಪಿನ ತಳ ಯಾರೂ ನೋಡುವುದಿಲ್ಲ, ಮಣ್ಣು ತುಂಬಿರುತ್ತದೆ. ಕಡ್ಡಿಯಿಂದ ಕೆದರಿ ಬ್ಯಾಟರಿ ಹಿಡಿದು ನೋಡಿ.

ಅಂಗೈಯನ್ನು ಟೈರಿನ ಮೇಲೆ ಅಡ್ಡ ಸವರಿ. ಒಂದು ಕಡೆ ಏರು, ಒಂದು ಕಡೆ ತಗ್ಗು ಸಿಕ್ಕರೆ ಒಳಗೆ ಏನೋ ಬಿಟ್ಟಿದೆ. ತಂತಿ ಹೊರಗೆ ಬಂದಿರಬಹುದು, ದಪ್ಪ ಕೈಗವಸು ಹಾಕಿಕೊಂಡರೆ ಒಳ್ಳೆಯದು. ಓಡಿಸುವಾಗ ಮೊದಲು ಇಲ್ಲದ ನಡುಕ ಶುರುವಾದರೆ ರಸ್ತೆ ಬೈಯುವ ಮುಂಚೆ ಇಳಿದು ಟೈರ್ ನೋಡಿ. ನಮ್ಮ ರಸ್ತೆಯನ್ನು ಬೈಯುವುದು ಸುಲಭ, ಗೊತ್ತು.

ಸವೆತದ ಮಾತು ಎರಡೇ ಸಾಲು. ಗ್ರಿಪ್ಪಿನ ಕಾಲುವೆಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ, ಗ್ರಿಪ್ ಸವೆದು ಅದರ ಸಮಕ್ಕೆ ಬಂದರೆ ಉಳಿದದ್ದು 1.6 ಮಿಲಿಮೀಟರ್, ಕಾನೂನಿನ ಲೆಕ್ಕದಲ್ಲೂ ಅಲ್ಲಿಗೆ ಮುಗಿಯಿತು. ಮನೆಗಾಡಿಯವರು ಅಲ್ಲಿಯವರೆಗೆ ತಲುಪುವುದೇ ಅಪರೂಪ.

ಕಾಟಾಕ್ಕೆ ಹೋಗಿ ಬನ್ನಿ

ವಯಸ್ಸಾದ ಟೈರನ್ನು ಕೊಲ್ಲುವುದು ಭಾರ ಮತ್ತು ಕಡಿಮೆ ಹವಾ. ಮನೆಗಾಡಿ ಖಾಲಿ ಇರುವುದೇ ಇಲ್ಲ, ಅಲ್ವಾ? ನೂರು ಲೀಟರ್ ನೀರೆಂದರೆ ನೂರು ಕಿಲೋ. ಸಿಲಿಂಡರ್, ಬ್ಯಾಟರಿ, ಪ್ಲೈವುಡ್, ಹಾಸಿಗೆ, ಮನೆಯವರು ಕಟ್ಟಿಕೊಂಡ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ದಾರಿಯಲ್ಲಿ ಕೊಂಡ ಬಾಳೆಗೊನೆ, ಎಲ್ಲ ಸೇರಿ ಗಾಡಿ ಎಷ್ಟು ತೂಗುತ್ತದೆ ಎಂದು ನಮಗೆ ಅಂದಾಜೇ ಇರುವುದಿಲ್ಲ. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಲ್ಲಿ ಕಬ್ಬಿನ ದೆಸೆಯಿಂದ ಕಾಟಾಕ್ಕೆ, ಅಂದರೆ ತುಂಬಿದ ಗಾಡಿಯನ್ನೇ ತೂಗುವ ಕಟ್ಟೆಗೆ, ಬರವಿಲ್ಲ. ಪ್ರವಾಸಕ್ಕೆ ಹೊರಡುವ ದಿನದಂತೆ ಪೂರ್ತಿ ತುಂಬಿಸಿ, ಮಂದಿಯನ್ನೂ ಕೂಡಿಸಿಕೊಂಡು ಹೋಗಿ. ಮೊದಲು ಮುಂದಿನ ಗಾಲಿ ಮಾತ್ರ ಕಾಟಾದ ಮೇಲೆ ಇಟ್ಟು ತೂಗಿಸಿ, ಆಮೇಲೆ ಇಡೀ ಗಾಡಿ. ಕಳೆದರೆ ಹಿಂದಿನ ಭಾರ ಸಿಕ್ಕಿತು.

ಈಗ ಟೈರಿನ ಮೇಲೆ ಸೈಜಿನ ಪಕ್ಕ ಇರುವ ಅಂಕಿ ನೋಡಿ. ಉದಾಹರಣೆಗೆ 116/114 ಎಂದಿದ್ದರೆ, ಒಂಟಿ ಗಾಲಿಯಾಗಿ ಒಂದು ಟೈರ್ 1250 ಕಿಲೋ ಹೊರುತ್ತದೆ, ಜೋಡಿಯಲ್ಲಿ ಒಂದೊಂದು 1180. ಮುಂದೆ ಎರಡು ಟೈರಿಗೆ 2500, ಹಿಂದೆ ನಾಲ್ಕಕ್ಕೆ 4720. ಇದು ಟೈರಿನ ಶಕ್ತಿ, ಅದೂ ಹವಾ ಸರಿಯಿದ್ದಾಗ. ಗಾಡಿಯ ಅಚ್ಚಿಗೆ ಬೇರೆ ಮಿತಿ ಇರುತ್ತದೆ, ಅದನ್ನು ಗಾಡಿಯ ಪುಸ್ತಕದಲ್ಲಿ ನೋಡಿ. ತೂಕ ಮಿತಿಯ ಅಂಚಿಗೆ ಬಂದಿದ್ದರೆ ನಿಮ್ಮ ಟೈರಿನ ಆಯುಷ್ಯದಿಂದ ಒಂದು ವರ್ಷ ನೀವೇ ಕಳೆಯಿರಿ. ಕಂಪನಿಯ ಮಾತಲ್ಲ, ನನ್ನದು.

ಹವಾ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಕಾವು ಪ್ರತಿ ಐದಾರು ಡಿಗ್ರಿ ಏರಿದಾಗ ಹವಾ ಸುಮಾರು ಶೇಕಡಾ 2ರಷ್ಟು ಏರುತ್ತದೆ, ಆದ್ದರಿಂದ ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಜಾಸ್ತಿ ತೋರಿಸಿತು ಎಂದು ಬಿಸಿ ಟೈರಿನಿಂದ ಹವಾ ಬಿಡಬೇಡಿ, ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ. ಕಡಿಮೆ ಹವಾದಲ್ಲಿ ಓಡಿದ ಟೈರ್ ಹೆಚ್ಚು ಬಾಗಿ ಒಳಗೊಳಗೇ ಬೇಯುತ್ತದೆ. ಜೋಡಿ ಗಾಲಿಯಲ್ಲಿ ಒಳಗಿನದು ಇಳಿದಿದ್ದರೆ ಹೊರಗಿನದು ಇಬ್ಬರ ಭಾರ ಹೊರುತ್ತದೆ, ನೋಡಲು ಎರಡೂ ನೆಟ್ಟಗೇ ನಿಂತಿರುತ್ತವೆ. ರಾಡಿನಿಂದ ಬಡಿದು ಸಪ್ಪಳ ಕೇಳುವ ಪದ್ಧತಿ ಪೂರ್ತಿ ಇಳಿದ ಟೈರನ್ನು ಹಿಡಿಯುತ್ತದೆ, ಅರ್ಧ ಇಳಿದದ್ದನ್ನಲ್ಲ. ಒಂದು ಒಳ್ಳೆಯ ಗೇಜ್ ಗಾಡಿಯಲ್ಲೇ ಇಡಿ. 2022ರಲ್ಲಿ ಒಡೆದ ಟೈರಿನ ಪಕ್ಕದ ಒಳಗಾಲಿಯಲ್ಲಿ ಜಾಲಿ ಮುಳ್ಳು ಸಿಕ್ಕಿತ್ತು, ಎಷ್ಟು ದಿನದಿಂದ ಹವಾ ಸೋರುತ್ತಿತ್ತೋ ದೇವರೇ ಬಲ್ಲ.

ಯಾವ ತಿಂಗಳಲ್ಲಿ ಕೊಳ್ಳುವುದು

ಟೈರ್ ಅಂಗಡಿಗೆ ಹೋಗುವ ಮುಂಚೆ ನಿಮ್ಮ ವರ್ಷದ ಓಡಾಟ ನೆನಪಿಸಿಕೊಳ್ಳಿ. ಏಳು ವರ್ಷ ಸಮೀಪಿಸಿದೆ, ಯುಗಾದಿಗೆ ಶ್ರೀಶೈಲಕ್ಕೆ ಹೋಗುವುದಿದೆ ಎಂದರೆ ಹೊರಡುವ ಮುಂಚೆಯೇ ಬದಲಿಸಿ, ಹಳೆಯ ಟೈರ್ ಒಡೆಯಲು ಬೇಸಿಗೆಯ ಡಾಂಬರಿಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಶಿವರಾತ್ರಿಯಿಂದ ದಸರಾದವರೆಗೆ ಗಾಡಿ ಕದಲುವುದೇ ಇಲ್ಲ ಎಂದಾದರೆ ಮಾರ್ಚಿನಲ್ಲಿ ಹೊಸ ಟೈರ್ ಹಾಕಿಸಿ ಬಿಸಿಲಿಗೆ ನಿಲ್ಲಿಸುವುದು ದುಡ್ಡು ಸುಟ್ಟಂತೆ. ಹಳೆಯದರ ಮೇಲೇ ನಿಲ್ಲಿಸಿ, ದಸರಾ ಮುಂಚೆ ಕೊಳ್ಳಿ. ಏಳನ್ನೂ ಒಟ್ಟಿಗೆ ಕೊಳ್ಳಲು ಕೈ ಬರದಿದ್ದರೆ ಮೊದಲು ಮುಂದಿನ ಎರಡು, ಮುಂದಿನ ಕಂತಿನಲ್ಲಿ ಹಿಂದಿನ ನಾಲ್ಕು. ಆದರೆ ಉಳಿದ ನಾಲ್ಕಕ್ಕೆ ಏಳು ವರ್ಷ ದಾಟಿದ್ದರೆ ಅಲ್ಲಿಯವರೆಗೆ ದೂರದ ಪ್ರವಾಸ ಬೇಡ. ಜೋಡಿಯಲ್ಲಿ ಒಂದು ಹೊಸದು ಒಂದು ಸವೆದದ್ದು ಮಾಡಬೇಡಿ, ಎತ್ತರ ಹೆಚ್ಚುಕಡಿಮೆಯಾಗಿ ದೊಡ್ಡದರ ಮೇಲೇ ಭಾರ ಬೀಳುತ್ತದೆ.

ಅಂಗಡಿಯಲ್ಲಿ ಬಿಲ್ ಮಾಡುವ ಮುಂಚೆಯೇ ತಾರೀಖು ತೋರಿಸಿ ಎನ್ನಿ. ಆರು ತಿಂಗಳ ಒಳಗಿನದು ಬೇಕು ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಒಂದು ಅಂಗಡಿಯಲ್ಲಿ ಎರಡು ವರ್ಷ ಹಿಂದಿನ ಮಾಲನ್ನು "ಹೊಸಾದ ಐತ್ರಿ, ಪ್ಯಾಕಿಂಗ್ ಸುದ್ದಾ ತಗದಿಲ್ಲ" ಎಂದು ಮುಂದಿಟ್ಟರು. ಪ್ಯಾಕಿಂಗ್ ತೆಗೆಯದಿದ್ದರೆ ಕಾಲ ನಿಲ್ಲುತ್ತದೆಯೇ? ಸುಮ್ನೆ ಎದ್ದು ಬಂದೆ. ನೆರಳಿನ ಗೋಡೌನಿನಲ್ಲಿ ಇಟ್ಟ ಟೈರ್ ಅಷ್ಟು ಬೇಗ ಕೆಡುವುದಿಲ್ಲ ಎಂಬುದು ನಿಜವೇ, ಆದರೆ ತಾರೀಖು ನೋಡಿ ಏಳು ವರ್ಷಕ್ಕೆ ತೆಗೆಯುವವನಿಗೆ ಆ ಎರಡು ವರ್ಷ ಕೈಬಿಟ್ಟ ಹಾಗೆ. ಕೊಳ್ಳುವುದಾದರೆ ಅಷ್ಟು ದರ ಇಳಿಸಿ ಕೊಡಲಿ.

ಸೈಜ್, ಭಾರದ ಅಂಕಿ ಗಾಡಿಯ ಸ್ಟಿಕ್ಕರಿನಲ್ಲಿ ಇರುವುದಕ್ಕಿಂತ ಕಡಿಮೆ ಆಗಕೂಡದು. ಸೈಜ್ ಕೂತಿತು ಎಂದು ಕಾರಿನ ಟೈರ್ ಹಾಕಿಸಬೇಡಿ. ರಿಮೋಲ್ಡ್ ಟೈರ್ ಮುಂದಕ್ಕಂತೂ ಬೇಡವೇ ಬೇಡ, ಮೇಲಿನ ಪಟ್ಟಿ ಹೊಸದಾದರೂ ಕೆಳಗಿನ ಮೈ ಹಳೆಯದೇ. ಟೈರಿನ ಜೊತೆ ವಾಲ್ವ್ ಕೂಡ ಹೊಸದು ಹಾಕಿಸಿ, ಅದೂ ರಬ್ಬರೇ. ಫಿಟ್ ಮಾಡುವಾಗ ತಾರೀಖಿನ ಮಗ್ಗುಲು ಹೊರಗೆ ಬರುವಂತೆ ಹೇಳಿ, ಟೈರಿಗೆ ಇಂಥದೇ ದಿಕ್ಕು ಎಂಬ ಬಾಣದ ಗುರುತು ಅಥವಾ ಇಂಥದೇ ಮಗ್ಗುಲು ಹೊರಗೆ ಎಂಬ ಗುರುತು ಇಲ್ಲದಿದ್ದರೆ ಅದಕ್ಕೇನೂ ಅಡ್ಡಿಯಿಲ್ಲ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ.

ಆಮೇಲೆ ಹೊಸ ಟೈರನ್ನು ಬಿಸಿಲಿನಿಂದ ಕಾಪಾಡಿ. ನಾನು ದ್ರಾಕ್ಷಿ ಶೆಡ್ಡಿನ ಹಳೆಯ ನೆರಳು ಬಲೆಯನ್ನು ಎರಡು ಪದರ ಮಡಚಿ ಗಾಲಿಗಳಿಗೆ ಕಟ್ಟುತ್ತೇನೆ, ನಮ್ಮ ತಿಕೋಟಾ ಕಡೆ ಅದಕ್ಕೆ ಬರವಿಲ್ಲ. ಗಾಲಿಯ ಕೆಳಗೆ ಟೈರಿಗಿಂತ ಅಗಲವಾದ ಹಲಗೆ, ತುಂಬಿದ ಹವಾ, ತಿಂಗಳಿಗೊಮ್ಮೆ ಒಂದು ಹತ್ತಿಪ್ಪತ್ತು ಕಿಲೋಮೀಟರ್ ಓಡಾಟ. ಡೀಸೆಲ್ಲಿನಿಂದ ಟೈರ್ ಒರೆಸಿ ಮಿಂಚಿಸುವ ಹುಚ್ಚು ಬೇಡ, ಎಣ್ಣೆ ಇರುವ ಪಾಲಿಶ್ ಕೂಡ ಬೇಡ, ಅವು ಮೇಲಿನ ಮೇಣವನ್ನೇ ತೊಳೆದು ಹಾಕುತ್ತವೆ. ಸೋಪಿನ ನೀರು ಸಾಕು.

ಹಳೆಯ ಟೈರ್ ತೆಗೆದಾಗ ಪಂಚರ್ ಅಂಗಡಿಯವನೇ ಗಿರಾಕಿ ತಂದ. ಯಾವ ಗಾಡಿಗೆ ಎಂದು ಕೇಳಿಯೇ ಕೊಟ್ಟೆ, ಮತ್ತೊಂದು ಮಿನಿ ಬಸ್ಸಿಗೆ ಎಂದಿದ್ದರೆ ಬ್ಲೇಡಿನಿಂದ ಪಕ್ಕ ಸೀಳಿ ಗುಜರಿಗೆ ಹಾಕುತ್ತಿದ್ದೆ. ಅವನು ಜಮಖಂಡಿ ಕಡೆಯ ರೈತ, ಎತ್ತಿನ ಟೈರ್ ಬಂಡಿಗೆ ಬೇಕಿತ್ತು. ಎತ್ತಿನ ನಡಿಗೆಗೆ ಆ ರಬ್ಬರ್ ಇನ್ನೂ ನಾಲ್ಕು ಸುಗ್ಗಿ ನಡೆದೀತು. ಹೋಗುವ ಮುಂಚೆ ಅವನೂ ಬಗ್ಗಿ ಟೈರ್ ನೋಡಿದ, ಗ್ರಿಪ್ಪನ್ನೇ.